ತಕರಾರಿಲ್ಲದೆ ಬಾರದ ಅರಬ್ಬಿ

"ಆನಾ ರಿಯ್ಯಾಲ್?" ಅಂತ ಅಜ್ಜಿ ಕೇಳಿದರು. ನಾನೇನು ಗಂಡಸೇ, ಅಂತ.

ಮಂಡಿ ಬದಲಿಸುವ ಆಪರೇಷನ್ ಆಗಿ ಅವರಿಗೆ ಅಂದು ಮೂರನೇ ದಿನ. ಮಲಗಿದಲ್ಲೇ ಕಾಲು ಮೇಲೆತ್ತಿ ಹತ್ತು ಎಣಿಸುವ ತನಕ ಹಿಡಿದಿರಬೇಕು. ನಾನು ಪಕ್ಕದಲ್ಲಿ ನಿಂತು "ಶೀಲ್ ರೀಲಕ್, ಶೀಲ್ ರೀಲಕ್" ಎಂದು ಹುರಿದುಂಬಿಸುತ್ತಿದ್ದೆ. ಕಾಲೆತ್ತು ಅಂತಲೇ ಅದರ ಅರ್ಥ, ಆದರೆ ಗಂಡಸಿಗೆ ಹೇಳುವ ಮಾತು. ಹೆಂಗಸಿಗಾದರೆ "ಶೀಲಿ ರೀಲಿಚ್" ಅನ್ನಬೇಕು. ಆಗ ನಾನು ಕುವೈತಿಗೆ ಬಂದು ನಾಲ್ಕು ವರ್ಷ. ಫಿಸಿಯೋಥೆರಪಿಸ್ಟ್ ಆಗಿ ನಾನು ನೋಡುವುದೇ ಹೆಂಗಸರ ವಾರ್ಡು. ನಾಲ್ಕು ವರ್ಷ ಎಷ್ಟು ತಾಯಂದಿರ ಕಾಲನ್ನು ಹೀಗೆ ಗಂಡುಕಾಲು ಮಾಡಿ ಎತ್ತಿಸಿದ್ದೆನೋ! ತಿದ್ದಿದವರು ಈ ಅಜ್ಜಿಯೊಬ್ಬರೇ.

ಉಳಿದವರು ಯಾಕೆ ತಿದ್ದಲಿಲ್ಲ ಅಂದರೆ, ನಾವು ಮಾತಾಡುವುದು ಹಾಗೇ ಅಂತ ಇಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಈ ದೇಶದಲ್ಲಿ ಪೌರರಿಗಿಂತ ಹೊರಗಿನಿಂದ ಬಂದವರೇ ಹೆಚ್ಚು. ಡ್ರೈವರ್, ಮೇಸ್ತ್ರಿ, ನರ್ಸ್, ಮನೆಗೆಲಸದವರು, ಎಲ್ಲರೂ ಸೇರಿ ಕಟ್ಟಿಕೊಂಡ ಒಂದು ಅರಬ್ಬಿ ಕೊಲ್ಲಿ ದೇಶಗಳಲ್ಲೆಲ್ಲ ಓಡಾಡುತ್ತದೆ. ಭಾಷೆಯ ಪಂಡಿತರು ಅದಕ್ಕೆ ಗಲ್ಫ್ ಪಿಜಿನ್ ಅರಬ್ಬಿ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಕ್ರಿಯಾಪದ ಬಾಗುವುದೇ ಇಲ್ಲ. ನಿನ್ನೆ ಹೋಗಲಿಲ್ಲ, ಇವತ್ತು ಹೋಗುವುದಿಲ್ಲ, ನಾಳೆಯೂ ಹೋಗಲ್ಲ, ಮೂರಕ್ಕೂ "ಆನಾ ಮಾಫಿ ರೂಹ್". ನನ್ನ ಕಾರು ಅನ್ನುವುದಕ್ಕೆ "ಸಯ್ಯಾರಾ ಮಾಲ್ ಆನಾ". ಎದುರಿಗಿರುವವರು ಗಂಡಾದರೂ ಹೆಣ್ಣಾದರೂ "ಇಂತಾ". ಕೆಲಸ ನಡೆಯುತ್ತದೆ, ಸಂಬಳ ಬರುತ್ತದೆ. ಊರಿಗೆ ಫೋನ್ ಮಾಡಿದಾಗ "ನಂಗೆ ಅರಬ್ಬಿ ಬರುತ್ತೆ" ಅಂತ ಹೇಳಿಕೊಳ್ಳಬಹುದು.

ಇದರ ತಮಾಷೆ ಏನೆಂದರೆ, ಕುವೈತಿಗಳೂ ನಮ್ಮ ಮುಖ ಕಂಡ ಕೂಡಲೇ ತಮ್ಮ ಭಾಷೆಯ ಲಿಂಗ, ಕಾಲ, ವಚನವೆಲ್ಲ ಕಳಚಿಟ್ಟು ಇದೇ ಪಿಜಿನ್‌ಗೆ ಇಳಿಯುತ್ತಾರೆ. ಪಾಪ, ನಮಗೆ ಅನುಕೂಲವಾಗಲಿ ಅಂತಲೇ. ಹಾಗಾಗಿ ಅರಬರ ನಡುವೆ ಇಪ್ಪತ್ತು ವರ್ಷ ಇದ್ದರೂ ನಿಜವಾದ ಅರಬ್ಬಿ ಕಿವಿಗೆ ಬೀಳುವುದೇ ಇಲ್ಲ. "ಮಾತಾಡ್ತಾ ಮಾತಾಡ್ತಾ ಬರುತ್ತೆ ಬಿಡಿ, ವ್ಯಾಕರಣ ಯಾಕೆ?" ಅನ್ನುವ ಸ್ನೇಹಿತರಿಗೆ ನಾನು ಹೇಳುವುದು ಇಷ್ಟೇ: ಬರುತ್ತೆ, ಆದರೆ ಏನು ಬರುತ್ತೆ ಅಂತ ನೋಡಿಕೊಳ್ಳಿ.

ಅಜ್ಜಿ ಕೇಳಿದ ಪ್ರಶ್ನೆಯ ಅವಮಾನಕ್ಕೆ ಸಂಜೆ ತರಗತಿಗೆ ಸೇರಿದೆ. ಉಸ್ತಾದರು ಈಜಿಪ್ಟಿನವರು. ಮೊದಲ ದಿನ ಬೋರ್ಡಿನ ಮೇಲೆ ಬರೆದದ್ದು "ದರಬ ಜೈದುನ್ ಅಮ್ರನ್". ಜೈದನು ಅಮ್ರನನ್ನು ಹೊಡೆದನು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ರಾಮನು ರಾವಣನನ್ನು ಕೊಂದನು ಇಲ್ಲೂ ಇದ್ದಾನಲ್ಲ! ಜೈದ್ ಕರ್ತೃ, ಅವನ ಬಾಲಕ್ಕೆ ಉಕಾರ. ಅಮ್ರ್ ಕರ್ಮ, ಅವನ ಬಾಲಕ್ಕೆ ಅಕಾರ. ಮುಂದೆ ಷಷ್ಠಿಗೆ, ಉಪಸರ್ಗದ ನಂತರಕ್ಕೆ ಇಕಾರ. ಈ ಬಾಲದ ಸ್ವರಗಳಿಗೆ ಇಅರಾಬ್ ಅನ್ನುತ್ತಾರೆ. ನೂರಾರು ವರ್ಷಗಳಿಂದ ಜೈದ್ ಹೊಡೆಯುತ್ತಲೇ ಇದ್ದಾನೆ, ಅಮ್ರ್ ಪೆಟ್ಟು ತಿನ್ನುತ್ತಲೇ ಇದ್ದಾನೆ. ಯಾಕಂತೆ? ಅದಕ್ಕೂ ಅರಬರಲ್ಲಿ ಒಂದು ಹಾಸ್ಯವಿದೆ. ಅಮ್ರ್ ಎಂದು ಬರೆಯುವಾಗ ಕೊನೆಗೆ ಉಚ್ಚಾರವಿಲ್ಲದ ಒಂದು ವಾವ್ ಅಕ್ಷರ ಹಾಕುವುದು ರೂಢಿ. ದಾವೂದ್ ಎಂಬ ಹೆಸರಿಗೆ ಎರಡು ವಾವ್ ಬೇಕಾಗಿದ್ದರೂ ಒಂದನ್ನೇ ಬರೆಯುತ್ತಾರೆ. ದಾವೂದನ ವಾವ್ ಕದ್ದವನು ಅಮ್ರ್, ಅದಕ್ಕೇ ಒದೆ!

ಎಂಟು ತಿಂಗಳು ಕಲಿತೆ. ಪೇಪರಿನ ಹೆಡ್ಡಿಂಗ್ ತೋರಿಸಿದರೆ ಕರ್ತೃ ಯಾವುದು ಕರ್ಮ ಯಾವುದು ಎಂದು ಬೆರಳಿಟ್ಟು ಹೇಳುವಷ್ಟು ಬಂತು. ಮೂರರಿಂದ ಹತ್ತರ ತನಕ ಸಂಖ್ಯೆಗಳ ಲಿಂಗ ತಿರುಗುಮುರುಗು ಅಂತಲೂ ಗೊತ್ತಾಯಿತು. ಗಂಡಸರನ್ನು ಎಣಿಸುವಾಗ ಸಂಖ್ಯೆಗೆ ಹೆಣ್ಣಿನ ಪ್ರತ್ಯಯ, ಹೆಂಗಸರನ್ನು ಎಣಿಸುವಾಗ ಅದು ಮಾಯ. ದಿನವಿಡೀ ಒಂದರಿಂದ ಹತ್ತು ಎಣಿಸುವುದೇ ನನ್ನ ಕಸುಬು, ಇವತ್ತಿನ ತನಕ ಯಾವ ರೋಗಿಯೂ ಈ ನಿಯಮ ಕೇಳಿಲ್ಲ ಅನ್ನುವುದು ಬೇರೆ ಮಾತು. ಆದರೆ ಮರುದಿನ ವಾರ್ಡಿಗೆ ಹೋದರೆ ಬಾಯಿ ಕಟ್ಟಿದಂತೆ. ಮೊದಲು ಪಿಜಿನ್ ಆದರೂ ಸಲೀಸಾಗಿ ಬರುತ್ತಿತ್ತು. ಈಗ ಪ್ರತಿ ಪದದ ಕೊನೆಗೆ ಉಕಾರವೋ ಅಕಾರವೋ ಎಂದು ಲೆಕ್ಕ ಹಾಕುವಷ್ಟರಲ್ಲಿ ರೋಗಿ ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಕಷ್ಟಪಟ್ಟು ಒಂದು ವಾಕ್ಯ ಪೂರ್ತಿ ಜೋಡಿಸಿ ಹೇಳಿದರೆ, ಅವರ ಮುಖದಲ್ಲಿ ಸುದ್ದಿವಾಚಕಿಯೊಬ್ಬಳು ವಾರ್ಡಿಗೆ ಬಂದಳೋ ಅನ್ನುವ ಭಾವ.

ಹೀಗಿರುವಾಗ ಒಂದು ಸಂಜೆ ಪಾಠದ ಮಧ್ಯೆ ಉಸ್ತಾದರ ಫೋನ್ ಬಡಿಯಿತು. ಸೀಮೆಸುಣ್ಣ ಕೈಯಲ್ಲೇ ಹಿಡಿದು, ಕಿಟಕಿಯತ್ತ ತಿರುಗಿ "ಅಯ್ವಾ... ಅನಾ ಗಾಯ್ ದಿಲ್‌ವಅತಿ" ಅಂದರು. ಹೂಂ, ಈಗ ಬಂದೆ. ಅಪ್ಪಟ ಕೈರೋ ಮಾತು. ಒಂದು ಪದಕ್ಕೂ ಬಾಲದ ಸ್ವರ ಇರಲಿಲ್ಲ. "ಈಗ" ಅನ್ನುವುದಕ್ಕೆ ಅವರು ಹತ್ತು ನಿಮಿಷದ ಹಿಂದೆ ಬೋರ್ಡಿನ ಮೇಲೆ ಬರೆಸಿದ್ದು "ಅಲ್‌ಆನ". ಫೋನ್ ಇಟ್ಟವರೇ ಮತ್ತೆ ನಮ್ಮ ಕಡೆ ತಿರುಗಿ, ಬಾಲದ ಸ್ವರ ಬಿಟ್ಟ ಹುಡುಗನೊಬ್ಬನನ್ನು ಗದರಿದರು.

ಅವರಲ್ಲಿ ಕಪಟವೇನೂ ಇಲ್ಲ. ಅರಬರ ಬದುಕೇ ಹಾಗೆ ಎರಡು ಅಂತಸ್ತಿನದು. ಮೇಲಿನ ಅಂತಸ್ತಿನಲ್ಲಿ ಫುಸ್‌ಹಾ: ಗ್ರಂಥ, ಸುದ್ದಿ, ಭಾಷಣ, ಪ್ರಾರ್ಥನೆ. ಕೆಳಗೆ ಆಮ್ಮಿಯ್ಯಾ: ಮನೆ, ಬೀದಿ, ಜಗಳ, ಪ್ರೀತಿ. ಚಾರ್ಲ್ಸ್ ಫರ್ಗುಸನ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1959ರಲ್ಲಿ ಇಂಥ ಎರಡಂತಸ್ತಿಗೆ ಡೈಗ್ಲೋಸಿಯಾ ಎಂಬ ಮಾತನ್ನು ಚಾಲ್ತಿಗೆ ತಂದಾಗ ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಕೆಳಗಿನ ಅಂತಸ್ತು ಊರೂರಿಗೆ ಬೇರೆ. ಅದೇ "ಈಗ" ಕುವೈತಿನಲ್ಲಿ "ಅಲ್‌ಹೀನ್", ದಮಾಸ್ಕಸ್ ಕಡೆ "ಹಲ್ಲಾ", ಮೊರಾಕ್ಕೊದಲ್ಲಿ "ದಾಬಾ".

ನಮ್ಮಲ್ಲೂ ಇಲ್ಲವೇ? "ಮಾಡುತ್ತೇನೆ" ಎಂದು ಬರೆದು "ಮಾಡ್ತೀನಿ" ಅನ್ನುತ್ತೇವೆ. "ನೀರನ್ನು ಕುಡಿ" ಅಂತ ಯಾವ ತಾಯಿಯೂ ಮಗುವಿಗೆ ಹೇಳುವುದಿಲ್ಲ. ದ್ವಿತೀಯಾ ವಿಭಕ್ತಿ ಪುಸ್ತಕದಲ್ಲಿ ಉಳಿದು ಬಾಯಲ್ಲಿ ಉದುರಿದೆ, ಥೇಟ್ ಅಮ್ರನ ಅಕಾರದ ಹಾಗೆ. ಆದರೆ ಅಂತರದಲ್ಲಿ ವ್ಯತ್ಯಾಸ ಇದೆ. ಗ್ರಾಂಥಿಕ ಕನ್ನಡ ಕಲಿತ ಹೊರಗಿನವರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ "ಈ ವಾಹನವು ಎಲ್ಲಿಗೆ ಹೋಗುತ್ತದೆ?" ಅಂದರೆ ಜನ ನಕ್ಕಾರು, ಆದರೂ ಅವರ ಉತ್ತರ ಆ ಮನುಷ್ಯನಿಗೆ ಅಷ್ಟೋ ಇಷ್ಟೋ ತಿಳಿದೀತು. ಅರಬ್ಬಿಯಲ್ಲಿ ನೀವು ಫುಸ್‌ಹಾದಲ್ಲಿ ಕೇಳಿದ್ದು ಎಲ್ಲರಿಗೂ ಅರ್ಥವಾಗುತ್ತದೆ. ಅವರು ಕೊಟ್ಟ ಉತ್ತರ ನಿಮಗೆ ಅರ್ಥವಾಗುವುದಿಲ್ಲ. ಮಾತಾಡಲು ಬಂದೂ ಕಿವುಡರಾಗುವ ಸ್ಥಿತಿ. ಇದನ್ನು ಯಾವ ತರಗತಿಯೂ ಮೊದಲೇ ಹೇಳುವುದಿಲ್ಲ.

ಆರು ಶತಮಾನದ ಹಿಂದೆಯೇ ಒಬ್ಬರು ಹೇಳಿದ್ದರು. ಟ್ಯೂನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದು ಮುಗಿಸಿದ ಮುಕದ್ದಿಮಾ ಎಂಬ ಗ್ರಂಥದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ಭಾಷೆಯ ಮಲಕಾ ಬೇರೆ, ವ್ಯಾಕರಣ ಶಾಸ್ತ್ರ ಬೇರೆ ಅನ್ನುತ್ತಾರೆ ಅವರು. ಮಲಕಾ ಅಂದರೆ ರೂಢಿಯಿಂದ ಮೈಗೂಡಿದ ಸಾಮರ್ಥ್ಯ. ಅವರ ಉದಾಹರಣೆ ನನಗೆ ಬಲು ಇಷ್ಟ. ಒಬ್ಬನಿಗೆ ಹೊಲಿಗೆಯ ವಿದ್ಯೆ ಗೊತ್ತು. ಸೂಜಿಗೆ ದಾರ ಪೋಣಿಸಿ, ಜೋಡಿಸಿದ ಬಟ್ಟೆಗೆ ಚುಚ್ಚಿ, ಇಷ್ಟು ದೂರದಲ್ಲಿ ಹೊರಗೆಳೆದು, ತಿರುಗಿ ಮೊದಲಿನ ಕಡೆಗೆ ತರಬೇಕು ಎಂದೆಲ್ಲ ಚೆನ್ನಾಗಿ ವಿವರಿಸುತ್ತಾನೆ. ತಗೋ ಹೊಲಿ ಅಂದರೆ ಕೈ ಬರುವುದಿಲ್ಲ. ವ್ಯಾಕರಣದಲ್ಲಿ ಪಳಗಿದ ಎಷ್ಟೋ ಮಂದಿಗೆ ಗೆಳೆಯನಿಗೆ ಎರಡು ಸಾಲಿನ ಪತ್ರವನ್ನು ತಪ್ಪಿಲ್ಲದೆ ಬರೆಯಲು ಬಾರದು ಎಂದೂ ಅದೇ ಅಧ್ಯಾಯದಲ್ಲಿ ಹೇಳುತ್ತಾರೆ. ಮತ್ತೆ ಆ ಮಲಕಾ ಬರುವುದು ಹೇಗೆ? ತಕ್ರಾರ್‌ನಿಂದ. ನಮ್ಮ ತಕರಾರು ಇದೇ ಪದ! ಅರಬ್ಬಿಯಲ್ಲಿ ತಕ್ರಾರ್ ಅಂದರೆ ಮತ್ತೆ ಮತ್ತೆ ಮಾಡುವುದು. ನಮ್ಮ ಕಡೆ ಬರುವಷ್ಟರಲ್ಲಿ ಹೇಳಿದ್ದನ್ನೇ ಹೇಳುವವರ ಜಗಳವಾಗಿದೆ. (ಬಾಕಿ, ಜಮಾ, ವಸೂಲಿ, ಅರ್ಜಿ, ದಾಖಲೆ, ವಕೀಲ, ಹಾಜರು ಎಲ್ಲವೂ ಅಲ್ಲಿಂದ ಬಂದವೇ. ಕಚೇರಿಯ ಮಟ್ಟಿಗೆ ಕನ್ನಡಿಗರಿಗೆ ಅರಬ್ಬಿ ಅರ್ಧ ಗೊತ್ತು ಅಂತ ನಾನು ಸಹೋದ್ಯೋಗಿಗಳ ಎದುರು ಜಂಬ ಕೊಚ್ಚುವುದುಂಟು.)

ಅರಬ್ಬಿ ವ್ಯಾಕರಣ ಹುಟ್ಟಿದ ಕಥೆಗಳಲ್ಲೇ ಈ ಜಟಾಪಟಿ ಇದೆ. ಏಳನೇ ಶತಮಾನದ ಬಸ್ರಾದಲ್ಲಿ ಅಬುಲ್ ಅಸ್ವದ್ ಅದ್ದುಅಲಿ ಎಂಬ ಪಂಡಿತನ ಮಗಳು ಆಕಾಶ ನೋಡಿ "ಮಾ ಅಜ್‌ಮಲು ಸ್ಸಮಾಇ" ಅಂದಳಂತೆ. ಅಪ್ಪ "ನಕ್ಷತ್ರಗಳು" ಅಂದ. ಅವಳು ಕೇಳಿದ್ದು ಆಕಾಶದಲ್ಲಿ ಯಾವುದು ಚಂದ ಅಂತ ಅಲ್ಲ, ಆಕಾಶ ಎಷ್ಟು ಚಂದ ಅಂತ ಉದ್ಗಾರ. ಹಾಗಾದರೆ "ಮಾ ಅಜ್‌ಮಲ ಸ್ಸಮಾಅ" ಅನ್ನಬೇಕಿತ್ತು. ಎರಡು ಬಾಲದ ಸ್ವರ ತಪ್ಪಿ ಉದ್ಗಾರ ಪ್ರಶ್ನೆಯಾಯಿತು, ಗಾಬರಿಗೊಂಡ ಅಪ್ಪ ವ್ಯಾಕರಣಕ್ಕೆ ಕೈ ಹಾಕಿದ ಅಂತ ಕಥೆ. ಇನ್ನೊಂದು ಸೀಬವೈಹಿಯದು. ಎಂಟನೇ ಶತಮಾನದ ಈ ಮಹಾ ವೈಯಾಕರಣಿ ಮೂಲದಲ್ಲಿ ಪರ್ಷಿಯಾದವನು, ನಮ್ಮ ಹಾಗೇ ಹೊರನಾಡಿನವನು. ಬಗ್ದಾದಿನ ಸಭೆಯಲ್ಲಿ ಅಲ್‌ಕಿಸಾಈ ಎಂಬ ಪಂಡಿತ ಅವನಿಗೆ ಚೇಳು-ಕಣಜದ ಕುಟುಕಿನ ಬಗ್ಗೆ ಒಂದು ವಾಕ್ಯ ಒಡ್ಡಿದ. ಕೊನೆಗೆ ಬರುವ ಸರ್ವನಾಮ ಪ್ರಥಮೆಯೋ ದ್ವಿತೀಯೆಯೋ? ಸೀಬವೈಹಿ ಪ್ರಥಮೆಯೇ ಅಂದ. ಬಾಗಿಲಲ್ಲಿದ್ದ ಮರುಭೂಮಿಯ ಅರಬರನ್ನು ಕರೆಸಿ ಕೇಳಿದರು. ಅವರು ಅಲ್‌ಕಿಸಾಈ ಪರ ನಿಂತರು. ಲಂಚ ಕೊಟ್ಟಿದ್ದರು ಅಂತಲೂ ಹೇಳುತ್ತಾರೆ. ಸೀಬವೈಹಿ ಸೋತು ಊರಿಗೆ ಹೋಗಿ ಅದೇ ಕೊರಗಿನಲ್ಲಿ ತೀರಿಕೊಂಡನಂತೆ. ನಿಯಮ ಬಲ್ಲವನು ಎಷ್ಟೇ ದೊಡ್ಡವನಾದರೂ ಕೊನೆಗೆ ತೀರ್ಪು ಕೇಳಿದ್ದು ಮಾತಾಡುವವರ ಬಾಯಿಂದ. ಹಾಗಂತ ಸೀಬವೈಹಿಯ ಗ್ರಂಥವನ್ನು ಇಬ್ನ್ ಖಲ್ದೂನ್ ತೆಗೆದುಹಾಕುವುದಿಲ್ಲ. ಅದರ ತುಂಬ ಅರಬರ ಗಾದೆ, ಪದ್ಯ, ಮಾತಿನ ವರಸೆಗಳೇ ಇರುವುದರಿಂದ ಅದನ್ನು ಓದಿದವರಿಗೆ ಭಾಷೆಯೂ ಹಿಡಿಯುತ್ತದೆ ಅನ್ನುತ್ತಾರೆ.

ಸರಿ, ವ್ಯಾಕರಣ ಬೇಡವೇ ಹಾಗಾದರೆ? ಇಲ್ಲೇ ನನ್ನ ಜಗಳ ಇರುವುದು. ವ್ಯಾಕರಣ ಬೇಕು ಅನ್ನುವವರೂ ಬೇಡ ಅನ್ನುವವರೂ ಎರಡು ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಅರಬರೇ ಅವನ್ನು ಬೇರೆ ಇಟ್ಟಿದ್ದಾರೆ: ನಹ್ವ್ ಮತ್ತು ಸರ್ಫ್. ನಹ್ವ್ ಅಂದರೆ ವಾಕ್ಯದೊಳಗಿನ ಸಂಬಂಧ, ಮುಖ್ಯವಾಗಿ ಆ ಬಾಲದ ಸ್ವರಗಳು. ಸರ್ಫ್ ಅಂದರೆ ಪದದ ಒಡಲು ಹೇಗೆ ಬದಲಾಗುತ್ತದೆ ಅನ್ನುವುದು. ಬಾಲದ ಸ್ವರ ಇವತ್ತು ಯಾವ ಅರಬ್ ಮನೆಯ ಅಡುಗೆಕೋಣೆಯಲ್ಲೂ ಕೇಳಿಸುವುದಿಲ್ಲ. ಪದದ ಒಡಲು ಬದಲಾಗುವುದು ಮಾತ್ರ ಮೊರಾಕ್ಕೊದಿಂದ ಮಸ್ಕತ್ತಿನ ತನಕ ಎಲ್ಲ ಆಡುಮಾತಿನಲ್ಲೂ ಜೀವಂತವಾಗಿದೆ. ನಾವು ಕಲಿಸುವುದು ಬಾಲದಿಂದ!

ನಾನು ಇದಕ್ಕೆ ಅಜ್ಜಿಯ ಪರೀಕ್ಷೆ ಅಂತ ಹೆಸರಿಟ್ಟಿದ್ದೇನೆ. ಯಾವ ತಪ್ಪು ಮಾಡಿದರೆ ಅಜ್ಜಿಗೆ ಸಿಟ್ಟು ಬರುತ್ತದೋ ಆ ವ್ಯಾಕರಣ ಮೊದಲು. ಬಾಲದ ಉಕಾರ ಬಿಟ್ಟರೆ ಅಜ್ಜಿ ಕೇಳುವುದಿಲ್ಲ, ಅವರೇ ಬಿಟ್ಟಿರುತ್ತಾರೆ. ರೀಲಿಚ್ ಅನ್ನುವಲ್ಲಿ ರೀಲಕ್ ಅಂದರೆ ಗಂಡಸೇ ನಾನು ಅಂತ ಕೇಳುತ್ತಾರೆ.

ಇನ್ನೊಂದು ಪ್ರಸಂಗ. ಎತ್ತಿದ ಕಾಲನ್ನು ಇಳಿಸಲು ನಾನು ವರ್ಷಗಟ್ಟಲೆ "ಇನ್ಜಿಲ್, ಇನ್ಜಿಲ್" ಅನ್ನುತ್ತಿದ್ದೆ. ರೋಗಿಗಳು ಕೆಲವೊಮ್ಮೆ ಮಂಚದಿಂದಲೇ ಇಳಿಯಲು ಹೊರಡುತ್ತಿದ್ದರು. ನಾನು ಹೌಹಾರಿ ಹಿಡಿದುಕೊಳ್ಳುತ್ತಿದ್ದೆ. ಯಾಕೆ ಅಂತ ತಿಳಿದದ್ದು ಸರ್ಫ್ ಪಾಠದಲ್ಲಿ. ಮೂರು ಅಕ್ಷರದ ಧಾತುವಿನ ನಡು ಅಕ್ಷರಕ್ಕೆ ಒತ್ತು ಕೊಟ್ಟರೆ "ಮಾಡು" ಎಂಬುದು "ಮಾಡಿಸು" ಆಗುತ್ತದೆ. ನಿಜಲ್ ಇಳಿದ, ನಜ್ಜಲ್ ಇಳಿಸಿದ. ಗಅದ್ ಕೂತ, ಗಅಅದ್ ಕೂರಿಸಿದ. ದರಸ್ ಕಲಿತ, ದರ್ರಸ್ ಕಲಿಸಿದ. ನಾಮ್ ಮಲಗಿದ, ನವ್ವಮ್ ಮಲಗಿಸಿದ. ಇಷ್ಟು ದಿನ ನಾನು "ಕಾಲು ಇಳಿಸಿ" ಅನ್ನುವ ಬದಲು "ಇಳೀರಿ, ಇಳೀರಿ" ಅನ್ನುತ್ತಿದ್ದೆ! ನಮ್ಮ "ಇಸು" ಪ್ರತ್ಯಯ ಇಲ್ಲಿ ಬೆನ್ನಿಗೆ ಅಂಟುವ ಬದಲು ಹೊಟ್ಟೆಯೊಳಗೆ ಕೂತಿದೆ ಅಷ್ಟೇ. ಮರುದಿನ ಬೆಳಗ್ಗೆ "ನಜ್ಜಿಲಿ ರೀಲಿಚ್" ಅಂದೆ. ಯಾರೂ ಮಂಚ ಬಿಟ್ಟು ಇಳಿಯಲಿಲ್ಲ.

ಒಮ್ಮೊಮ್ಮೆ ಕಿವಿ ಮೊದಲೇ ಕಲಿತಿರುತ್ತದೆ, ವ್ಯಾಕರಣ ಬಂದು ಹೆಸರು ಹೇಳುತ್ತದೆ. ನೋವು ಕೇಳುವುದು ನನ್ನ ದಿನನಿತ್ಯದ ಮಾತು. ತಲೆನೋವಿಗೆ ರೋಗಿಗಳು "ರಾಸಿ ಯಅವ್ವಿರ್ನಿ" ಅನ್ನುತ್ತಾರೆ, ಬೆನ್ನಿಗೂ ಹಾಗೇ. ಕಾಲಿಗೆ, ಕೈಗೆ, ಕಣ್ಣಿಗೆ ಮಾತ್ರ "ತಅವ್ವಿರ್ನಿ". ಸಾವಿರ ಸಲ ಕೇಳಿ ಕೇಳಿ ನನ್ನ ಬಾಯಲ್ಲೂ ಹಾಗೇ ಬರುತ್ತಿತ್ತು, ಯಾಕೆ ಅಂತ ಯೋಚಿಸಿರಲಿಲ್ಲ. ಒಂದು ಸಂಜೆ ಉಸ್ತಾದರು ಮೈಯಲ್ಲಿ ಜೋಡಿಯಾಗಿರುವ ಅಂಗಗಳು ಸಾಮಾನ್ಯವಾಗಿ ಸ್ತ್ರೀಲಿಂಗ ಅಂದರು. ನನ್ನ ತಲೆಯಲ್ಲಿ ಇಡೀ ವಾರ್ಡು ಎರಡು ಸಾಲಾಗಿ ನಿಂತಿತು. ಆ ನಿಯಮವನ್ನೇ ಮೊದಲು ಪುಸ್ತಕದಲ್ಲಿ ಓದಿದ್ದರೆ ಪರೀಕ್ಷೆಗೆ ಬರೆದು ಮರೆತಿರುತ್ತಿದ್ದೆ. ಕುವೈತಿಗಳ ಬಾಯಲ್ಲಿ ಕಾಫ್ ಎಷ್ಟೋ ಕಡೆ ಚಕಾರವಾಗುವುದು, ಜೀಮ್ ಯಕಾರವಾಗುವುದು (ರಜ್ಜಾಲ್ ಹೋಗಿ ರಿಯ್ಯಾಲ್ ಆದದ್ದು ಹೀಗೆ), ಕಾಫ್‌ನ ಅಣ್ಣನಂತಿರುವ ಗಂಟಲಿನ ಅಕ್ಷರ ಗಕಾರವಾಗುವುದು, ಇವೂ ಹಾಗೇ. ಹಳಗನ್ನಡದ ಪಾಲು ಹಾಲಾದದ್ದು ಗೊತ್ತಿದ್ದವರಿಗೆ ಇದು ಅಪಭ್ರಂಶ ಅನ್ನಿಸುವುದಿಲ್ಲ, ಲೆಕ್ಕ ಅನ್ನಿಸುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಮಂಗಳೂರು ಕಡೆಯವರು, ಬಾಲ್ಯದಿಂದ ಮದರಸಾದಲ್ಲಿ ಕುರ್‌ಆನ್ ಓದಿದವರು. ಬಂದ ಹೊಸತರಲ್ಲಿ ಅವರಿಗೆ ಅರಬ್ಬಿಯಲ್ಲಿ ಒಂದು ರೊಟ್ಟಿ ಕೇಳಲೂ ಗೊತ್ತಿರಲಿಲ್ಲ. ಆದರೆ ಐನ್, ಹಾ, ದಾದ್ ಅಕ್ಷರಗಳು ಅವರ ಗಂಟಲಲ್ಲಿ ಸ್ಫಟಿಕದಂತೆ. ನನಗೆ ಹನ್ನೆರಡು ವರ್ಷವಾದರೂ ಐನ್ ಬರುವುದು ಕೆಮ್ಮಿನ ಹಾಗೆ. ಅವರು ಬಾಯಿ ತೆರೆದರೆ ಅರಬರು ಪಿಜಿನ್‌ಗೆ ಇಳಿಯುವುದಿಲ್ಲ, ತಮ್ಮ ಮಾತಲ್ಲೇ ಮುಂದುವರಿಯುತ್ತಾರೆ. ಎರಡೇ ವರ್ಷದಲ್ಲಿ ಅವರು ನನ್ನನ್ನು ದಾಟಿ ಹೋದರು. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಸುವುದನ್ನು ನಾನು ಆಡಿಕೊಳ್ಳುತ್ತಿದ್ದವಳು. ಈಗ ಆಡಿಕೊಳ್ಳುವುದಿಲ್ಲ. ಕುವೈತಿ ಸಹೋದ್ಯೋಗಿಯೊಬ್ಬಳನ್ನು ಫುಸ್‌ಹಾ ಹೇಗೆ ಕಲಿತೆ ಅಂತ ಕೇಳಿದ್ದೆ. ಶಾಲೆಯ ಹೆಸರು ಹೇಳಲಿಲ್ಲ. "ಇಫ್ತಹ್ ಯಾ ಸಿಮ್‌ಸಿಮ್" ಅಂದಳು. 1979ರಲ್ಲಿ ಶುರುವಾದ, ಕುವೈತಿನಲ್ಲೇ ತಯಾರಾದ ಮಕ್ಕಳ ಟಿವಿ ಕಾರ್ಯಕ್ರಮ, ಮಾತೆಲ್ಲ ಸರಳ ಫುಸ್‌ಹಾ. ಜೈದ್-ಅಮ್ರರ ಹೊಡೆದಾಟ ಶುರುವಾಗುವ ಮೊದಲೇ ಬೊಂಬೆಗಳು ಅವಳ ಕಿವಿಗೆ ಇಅರಾಬ್ ಸುರಿದಿದ್ದವು.

ಕುರ್‌ಆನ್, ಹಳೆಯ ಕಾವ್ಯ, ಕಾನೂನು ಓದಬೇಕು ಅನ್ನುವವರಿಗೆ ನಹ್ವ್ ಬಿಟ್ಟರೆ ದಾರಿ ಇಲ್ಲ. ಸ್ವರಚಿಹ್ನೆ ಇಲ್ಲದ ಪುಟ ಬಿಡಿಸಲು ಅದೇ ಕೀಲಿಕೈ. ಅದರ ಬಗ್ಗೆ ನನ್ನ ತಕರಾರಿಲ್ಲ. ವಾರ್ಡಿಗೆ ಬೇಕಾದವರಿಗೂ ಅದನ್ನೇ ಮೊದಲು ಕೊಡುವುದರ ಬಗ್ಗೆ ಇದೆ.

ಬೇರೆಯವರನ್ನು ಅನ್ನುವ ಮೊದಲು ನನ್ನದನ್ನೂ ಹೇಳಬೇಕು. ವಾರಕ್ಕೊಮ್ಮೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನಾನು ಕನ್ನಡ ಹೇಳಿಕೊಡುತ್ತೇನೆ. ಮೊದಲ ವರ್ಷ ಬೋರ್ಡಿನ ಮೇಲೆ ಬರೆದದ್ದು ಏನು ಗೊತ್ತೇ? ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ. ರಾಮನು ರಾವಣನನ್ನು ಬಾಣದಿಂದ. ಮಕ್ಕಳು ಚೆಂದಕ್ಕೆ ಕಂಠಪಾಠ ಮಾಡಿದರು. ಆ ಬೇಸಿಗೆಯಲ್ಲಿ ಒಬ್ಬ ಹುಡುಗನ ಅಜ್ಜಿ ಊರಿಂದ ಬಂದಿದ್ದರು. ಅವನು ನನ್ನ ಬಳಿ ಓಡಿ ಬಂದು "ಆಂಟಿ, ನನ್ನ ಅಜ್ಜಿಯು ಬಂದಳು" ಅಂದ. ವಿಭಕ್ತಿ ಸರಿ, ಕಾಲ ಸರಿ, ಲಿಂಗ ಸರಿ. ಹಿಂದೆ ನಿಂತಿದ್ದ ಅಜ್ಜಿಯ ಮುಖ ನೋಡಬೇಕಿತ್ತು. ಅಜ್ಜಿಯ ಪರೀಕ್ಷೆಯಲ್ಲಿ ನಾನೇ ಫೇಲು. ಈಗ ಬೋರ್ಡಿನಲ್ಲಿ ರಾವಣ ಇಲ್ಲ. ಬಂದ್ರು, ಬರ್ತಾರೆ, ಬಂದ್ಬಿಟ್ರು, ಬಂದ್ಮೇಲೆ, ಬರ್ಲಿಲ್ವಾ, ಇವನ್ನೇ ಆಟದ ಥರ ಉರು ಹೊಡೆಸುತ್ತೇನೆ. "ಅನ್ನು" ಎಂಬ ಪ್ರತ್ಯಯ ಅವರಿಗೆ ಓದುವಾಗ ತಾನೇ ಸಿಕ್ಕೀತು.

ಆ ಕುವೈತಿ ಅಜ್ಜಿ ಹೋದ ವರ್ಷ ಮತ್ತೆ ಬಂದಿದ್ದರು, ಇನ್ನೊಂದು ಮಂಡಿಗೆ. ನನ್ನ ಗುರುತು ಹತ್ತಲಿಲ್ಲ. "ಯುಮ್ಮಾ, ರೀಲಿಚ್ ತಅವ್ವಿರಿಚ್?" ಎಂದು ಕೇಳಿದೆ. ಕಾಲು ನೋಯುತ್ತಾ ಅಮ್ಮಾ? ಸ್ತ್ರೀಲಿಂಗ ಮೂರೂ ಕಡೆ ಸರಿಯಾಗಿ ಕೂತಿತ್ತು. ಅಜ್ಜಿ ತಿರುಗಿ ಮಗಳಿಗೆ "ಹಾದಿ ತಿಹ್ಚಿ!" ಅಂದರು, ಇವಳು ಮಾತಾಡ್ತಾಳೆ ಕಣೇ. ಆಮೇಲೆ ನನ್ನ ಮುಖ ನೋಡಿ, ನಿಧಾನವಾಗಿ, ಸ್ವಲ್ಪ ಜೋರಾಗಿ, ಒಂದೊಂದೇ ಪದ ಬಿಡಿಸಿ ಕೇಳಿದರು: "ಆನಾ... ಮತಾ... ರೂಹ್... ಬೇತ್?" ನಾನು ಯಾವಾಗ ಹೋಗು ಮನೆ? ಅದೇ ಪಿಜಿನ್.

"ಬಾಚಿರ್ ತರೂಹೀನ್, ಯುಮ್ಮಾ" ಅಂದೆ. ನಾಳೆ ಹೋಗ್ತೀರಿ.